ಓದುಗರ ಪ್ರಶ್ನೆ: ಮಣ್ಣು ಸೇರಿದ ಲೋಹಗಳ ಲೆಕ್ಕ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಸಾಯದಿಂದ ಮಣ್ಣಿಗೆ, ನೀರಿಗೆ ಸೇರುವ ತಾಮ್ರ, ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳ ಕುರಿತಾಗಿದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಬಿಟ್ಟು, ಊರಿನ ಕಡೆಯನ್ನಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಮೂವತ್ತು ವರ್ಷದ ಅಡಿಕೆ ತೋಟ. ತಂದೆಯವರ ಕಾಲದಿಂದಲೂ ಮಳೆಗಾಲದಲ್ಲಿ ಎರಡು ಸಲ ಬೋರ್ಡೋ ದ್ರಾವಣ ಹೊಡೆಸುತ್ತಿದ್ದೇವೆ. ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ಉಳಿದು ತೋಟವನ್ನು ಕೆಡಿಸುತ್ತದೆ ಎಂದು ಮಗ ಹೇಳುತ್ತಾನೆ. ನೂರು ವರ್ಷದಿಂದ ಹೊಡೆಯುತ್ತಿರುವ ಔಷಧಿ ಈಗ ಹೇಗೆ ವಿಷವಾಯಿತು?
– ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರರು

ಉತ್ತರ: ನೂರು ವರ್ಷವೆಂಬ ಮಾತು ಸರಿಯಾಗಿಯೇ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರ ಸುಮಾರಿಗೆ ಬರೆದ ನಂತರ ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದಿತು, ಮತ್ತು ಮಲೆನಾಡಿನ ಅಡಿಕೆ ಉಳಿದದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ನಿಮ್ಮ ಮಗನ ಮಾತಿನಲ್ಲೂ ಹುರುಳಿದೆ. ಕೀಟನಾಶಕಗಳಲ್ಲಿ ಬಹುಪಾಲು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ಒಡೆದುಹೋಗುತ್ತವೆ. ತಾಮ್ರ ಮೂಲವಸ್ತುವಾದ್ದರಿಂದ ಅದು ಒಡೆಯುವ ಪ್ರಶ್ನೆಯೇ ಇಲ್ಲ. ಗೊನೆಯಿಂದ ಮಳೆನೀರಿನೊಂದಿಗೆ ಇಳಿದ ತಾಮ್ರವನ್ನು ಮೇಲ್ಮಣ್ಣಿನ ಜೇಡಿ ಮತ್ತು ಸಾವಯವ ಅಂಶ ಹಿಡಿದಿಟ್ಟುಕೊಳ್ಳುತ್ತವೆ, ಅದು ಕೆಳಗೆ ಇಳಿಯುವುದೂ ಬಹಳ ನಿಧಾನ.

ಎಷ್ಟು ಸೇರುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಶೇಕಡಾ ಒಂದರ ದ್ರಾವಣವೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ನಾಲ್ಕನೆಯ ಒಂದು ಭಾಗದಷ್ಟು ತಾಮ್ರ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿದ್ದು, ಮರಕ್ಕೆ ಒಂದು ಲೀಟರಿನಂತೆ ಹಿಡಿದರೂ ಒಂದು ಸಿಂಪಡಣೆಗೆ ಐದೂವರೆ ಕಿಲೋ ಮೈಲುತುತ್ತ, ಅಂದರೆ ಸುಮಾರು 1.4 ಕಿಲೋ ತಾಮ್ರ ಆಗುತ್ತದೆ. ಎರಡು ಸಲ ಹೊಡೆದರೆ ಎಕರೆಗೆ 2.8 ಕಿಲೋ, ಹೆಕ್ಟೇರಿಗೆ ಏಳು ಕಿಲೋ. ದ್ರಾಕ್ಷಿ ತೋಟಗಳಲ್ಲಿ ಇದೇ ದ್ರಾವಣವನ್ನು 1880ರ ದಶಕದಿಂದ ಬಳಸಿ, ಮಣ್ಣಿನಲ್ಲಿ ತಾಮ್ರ ಕೂಡಿಸಿಕೊಂಡ ಯುರೋಪಿನ ದೇಶಗಳು ಈಗ ಏಳು ವರ್ಷಗಳಿಗೆ ಹೆಕ್ಟೇರಿಗೆ 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ ನಾಲ್ಕು ಕಿಲೋ ಎಂಬ ಮಿತಿ ಹಾಕಿಕೊಂಡಿವೆ. ಒಂದು ಎಕರೆಯ ಅರ್ಧ ಅಡಿ ಆಳದ ಮಣ್ಣು ಸುಮಾರು ಒಂಬತ್ತು ಲಕ್ಷ ಕಿಲೋ ತೂಗುತ್ತದೆ. ಹೊಡೆದದ್ದೆಲ್ಲ ಮಣ್ಣಿಗೇ ಇಳಿಯಿತೆಂದು ಭಾವಿಸಿದರೆ ಪ್ರತಿ ವರ್ಷ ಕಿಲೋ ಮಣ್ಣಿಗೆ ಮೂರು ಮಿಲಿಗ್ರಾಂನಂತೆ ಮೂವತ್ತು ವರ್ಷಕ್ಕೆ ತೊಂಬತ್ತು ಮಿಲಿಗ್ರಾಂ ಕೂಡುತ್ತದೆ. ಕೊಚ್ಚೆಯ ಕೆಸರನ್ನು ಹೊಲಕ್ಕೆ ಹಾಕುವ ಸಂದರ್ಭಕ್ಕಾಗಿ ಯುರೋಪಿನ ನಿಯಮದಲ್ಲಿ ಮಣ್ಣಿನ ಒಟ್ಟು ತಾಮ್ರಕ್ಕೆ ಇಟ್ಟಿರುವ ಮಿತಿ ಕಿಲೋಗೆ 50ರಿಂದ 140 ಮಿಲಿಗ್ರಾಂ. ಮಣ್ಣಿನಲ್ಲಿ ಮೊದಲೇ ಇರುವ ತಾಮ್ರವನ್ನೂ ಸೇರಿಸಿದರೆ ಹಳೆಯ ತೋಟಗಳು ಆ ಗಡಿಯ ಹತ್ತಿರ ಬಂದಿರುವ ಸಾಧ್ಯತೆ ಇದ್ದೇ ಇದೆ.

ಇದರ ಪರಿಣಾಮ ಮೊದಲು ಕಾಣುವುದು ಮರದಲ್ಲಲ್ಲ. ಎರೆಹುಳು ಕಡಿಮೆಯಾಗುತ್ತದೆ, ಬೇರಿಗೆ ರಂಜಕ ಒದಗಿಸುವ ಉಪಕಾರಿ ಶಿಲೀಂಧ್ರ ಸೊರಗುತ್ತದೆ, ಬಿದ್ದ ಸೋಗೆ, ಹಾಳೆ, ಎಲೆ ಕೊಳೆಯಲು ಹೆಚ್ಚು ಕಾಲ ಹಿಡಿಯುತ್ತದೆ. ಮೇಲ್ಮಣ್ಣಿನಲ್ಲೇ ಬೇರು ಹರಡುವ ಬಾಳೆ, ಮೆಣಸಿನ ಬಳ್ಳಿಗಳಂಥ ಮಿಶ್ರಬೆಳೆಗಳ ಎಳೆಯ ಎಲೆ ಹಳದಿಯಾದರೆ ಕಬ್ಬಿಣದ ಕೊರತೆಯೆಂದು ನಾವು ಇನ್ನೊಂದು ಪೊಟ್ಟಣ ತರುತ್ತೇವೆ. ಬೇರು ಕಬ್ಬಿಣವನ್ನು ತೆಗೆದುಕೊಳ್ಳದಂತೆ ತಡೆದಿರುವುದು ತಾಮ್ರವಿರಬಹುದು. ಕೋಳಿ ಆಹಾರಕ್ಕೆ ತಾಮ್ರ ಮತ್ತು ಸತುವನ್ನು ಬೆರೆಸುವ ಪದ್ಧತಿ ಇರುವುದರಿಂದ ಲೋಡುಗಟ್ಟಲೆ ಕೋಳಿ ಗೊಬ್ಬರ ತರಿಸುವವರು ಅದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಹಾಗೆಂದು ನಾಳೆಯಿಂದಲೇ ಬೋರ್ಡೋ ಬಿಡಿ ಎಂದು ಹೇಳುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಮಳೆಗೆ ಮಾಡಿದ ಶಿಫಾರಸನ್ನು ಚನ್ನಗಿರಿ, ಹೊಳಲ್ಕೆರೆಯ ಬಯಲು ತೋಟಗಳಲ್ಲಿ ಅಕ್ಷರಶಃ ಪಾಲಿಸುವ ಅಗತ್ಯವಿದೆಯೇ ಎಂದು ಕೇಳಿಕೊಳ್ಳಿ ಎನ್ನುವುದಷ್ಟೇ ನಮ್ಮ ಸಲಹೆ. ಕೊಳೆರೋಗದ ಶಿಲೀಂಧ್ರಕ್ಕೆ ಬೇಕಾದದ್ದು ಬಿಡದೆ ಹಿಡಿದ ಮಳೆ, ತೇವ ಮತ್ತು ತಂಪು. ಮಳೆ ಬಿಟ್ಟುಬಿಟ್ಟು ಬರುವ ವರ್ಷ, ಹಿಂದಿನ ಸಾಲಿನಲ್ಲಿ ರೋಗ ಕಾಣದ ತೋಟದಲ್ಲಿ ಎರಡನೆಯ ಸುತ್ತನ್ನು ಬಿಡುವುದರಿಂದಲೇ ತಾಮ್ರ ಅರ್ಧಕ್ಕೆ ಇಳಿಯುತ್ತದೆ. ಉದುರಿದ ರೋಗದ ಕಾಯಿಗಳನ್ನು ಆರಿಸಿ ತೆಗೆಯುವುದು, ಬಸಿಗಾಲುವೆ ತೆಗೆದಿಡುವುದು, ರೋಗ ಮರುಕಳಿಸುವ ಮರಗಳ ಗೊನೆಗಳಿಗೆ ಮಾತ್ರ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವುದು ಹಳೆಯ ಕ್ರಮಗಳಾದರೂ ಇಂದಿಗೂ ಸಲ್ಲುತ್ತವೆ. ದ್ರಾವಣ ಮಾಡಿದಾಗ ಹೊಳಪಿರುವ ಕುಡುಗೋಲನ್ನು ಅದ್ದಿ ನೋಡಿ: ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಕರಗಿದ ತಾಮ್ರ ಉಳಿದಿದೆ ಎಂದರ್ಥ. ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೋ ಕೃಷಿಹೊಂಡಕ್ಕೋ ಬಿಡಬೇಡಿ. ಮೀನಿಗೆ ತಾಮ್ರ ಬಹಳ ಅಲ್ಪ ಪ್ರಮಾಣದಲ್ಲೇ ಮಾರಕ.

ಪ್ರಶ್ನೆ: ಡಿಎಪಿ ಗೊಬ್ಬರದಲ್ಲಿ ಕ್ಯಾಡ್ಮಿಯಂ ಎಂಬ ವಿಷವಿದೆ, ಅದು ಮೂತ್ರಪಿಂಡ ಹಾಳು ಮಾಡುತ್ತದೆ ಎಂಬ ವಿಡಿಯೊ ಒಂದು ನಮ್ಮ ಊರಿನವರ ಫೋನುಗಳಲ್ಲೆಲ್ಲ ಓಡಾಡುತ್ತಿದೆ. ಮೆಕ್ಕೆಜೋಳಕ್ಕೆ ಡಿಎಪಿ ಹಾಕದೆ ಬಿತ್ತುವುದು ಹೇಗೆ?
– ದಾವಣಗೆರೆ ತಾಲ್ಲೂಕಿನ ರೈತರು

ಉತ್ತರ: ವಿಡಿಯೊದ ಮೊದಲರ್ಧ ನಿಜ. ರಂಜಕದ ಗೊಬ್ಬರಗಳನ್ನೆಲ್ಲ ಶಿಲಾರಂಜಕದಿಂದ ತಯಾರಿಸುತ್ತಾರೆ. ಸಮುದ್ರತಳದ ಮಡ್ಡಿ ಕಲ್ಲಾಗಿ ಉಂಟಾದ ನಿಕ್ಷೇಪಗಳಲ್ಲಿ ಕ್ಯಾಡ್ಮಿಯಂ ಹೆಚ್ಚು, ಅಗ್ನಿಶಿಲೆಯ ನಿಕ್ಷೇಪಗಳಲ್ಲಿ ಕಡಿಮೆ. ಕಾರ್ಖಾನೆಯಲ್ಲಿ ಅದನ್ನು ಪೂರ್ತಿ ಬೇರ್ಪಡಿಸುವುದಿಲ್ಲ. ಮನುಷ್ಯನ ದೇಹ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಶೇಖರವಾಗಿ, ಅರ್ಧದಷ್ಟು ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಹಿಡಿಯುತ್ತದೆ ಎಂಬುದೂ ನಿಜ. ಆದರೆ ಇಂಥ ವಿಡಿಯೊಗಳು ಉದಾಹರಿಸುವ ಜಪಾನಿನ ತೊಯಾಮಾ ಪ್ರಾಂತ್ಯದ ಇತಾಯಿ-ಇತಾಯಿ ರೋಗ ಗೊಬ್ಬರದಿಂದ ಬಂದದ್ದಲ್ಲ. ಜಿಂಜೂ ನದಿಯ ಮೇಲ್ಭಾಗದ ಗಣಿಯ ತ್ಯಾಜ್ಯ ದಶಕಗಳ ಕಾಲ ಭತ್ತದ ಗದ್ದೆಗಳಿಗೆ ಹರಿದು, ಆ ಅಕ್ಕಿ ಉಂಡವರ ಮೂಳೆಗಳು ಮುರಿಯುವ ಹಂತಕ್ಕೆ ಹೋಗಿ, 1968ರಲ್ಲಿ ಅಲ್ಲಿನ ಸರ್ಕಾರ ಕಾರಣವನ್ನು ಒಪ್ಪಿಕೊಂಡಿತು.

ನಮ್ಮ ಹೊಲದ ಲೆಕ್ಕ ಬೇರೆ. ಐವತ್ತು ಕಿಲೋದ ಒಂದು ಚೀಲ ಡಿಎಪಿಯಲ್ಲಿ ರಂಜಕದ ಅಂಶ 23 ಕಿಲೋ. ಯುರೋಪಿನಲ್ಲಿ 2022ರಿಂದ ಜಾರಿಯಲ್ಲಿರುವ ಮಿತಿಯಂತೆ ಅದರ ಪ್ರತಿ ಕಿಲೋಗೆ 60 ಮಿಲಿಗ್ರಾಂ ಕ್ಯಾಡ್ಮಿಯಂ ಇದೆಯೆಂದು ಇಟ್ಟುಕೊಂಡರೂ ಚೀಲಕ್ಕೆ ಒಂದೂವರೆ ಗ್ರಾಂ ಮೀರುವುದಿಲ್ಲ. ವರ್ಷಕ್ಕೆ ಎಕರೆಗೆ ಒಂದು ಚೀಲದಂತೆ ನೂರು ವರ್ಷ ಹಾಕಿದಾಗ ಕಿಲೋ ಮಣ್ಣಿಗೆ 0.15 ಮಿಲಿಗ್ರಾಂ ಸೇರುತ್ತದೆ. ಅಷ್ಟು ಕ್ಯಾಡ್ಮಿಯಂ ಗೊಬ್ಬರ ಕಾಣದ ಮಣ್ಣಿನಲ್ಲೂ ಸಾಮಾನ್ಯವಾಗಿ ಇರುತ್ತದೆ. ಎಕರೆಗೆ ಮೂರು ನಾಲ್ಕು ಚೀಲ ಸುರಿಯುವ ತೋಟಗಾರಿಕೆ ಬೆಳೆಗಳಲ್ಲಿ ಈ ಕಾಲಾವಧಿ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಬೀಡಿ, ಸಿಗರೇಟು ಸೇದುವವರು ಹೊಗೆಯಿಂದಲೇ ಸಾಕಷ್ಟು ಕ್ಯಾಡ್ಮಿಯಂ ಒಳಗೆಳೆದುಕೊಳ್ಳುತ್ತಾರೆ ಎಂಬುದನ್ನು, ಆ ವಿಡಿಯೊ ಹೇಳದಿದ್ದರೂ, ಇಲ್ಲಿ ಹೇಳಬೇಕಾಗಿದೆ.

ಆದ್ದರಿಂದ ಮೆಕ್ಕೆಜೋಳಕ್ಕೆ ಬಿತ್ತನೆಯಲ್ಲಿ ಶಿಫಾರಸಿನಷ್ಟು ರಂಜಕ ಕೊಡಲು ಹೆದರಬೇಕಿಲ್ಲ. ತಪ್ಪುತ್ತಿರುವುದು ಶಿಫಾರಸನ್ನು ಮೀರುವಲ್ಲಿ. ವರ್ಷವರ್ಷವೂ ಹಾಕಿದ ರಂಜಕದ ದೊಡ್ಡ ಭಾಗ ಮಣ್ಣಿನಲ್ಲಿ ಕಟ್ಟಿಕೊಂಡು ಕೂತಿರುತ್ತದೆ, ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಂಜಕ ‘ಅಧಿಕ’ ಎಂದಿದ್ದರೂ ಅಂಗಡಿಯಿಂದ ಅದೇ ಚೀಲ ಬರುತ್ತದೆ. ಹೆಚ್ಚಾದ ರಂಜಕ ಸತುವಿನ ಕೊರತೆಯನ್ನು ತರುತ್ತದೆ. ಸತು ಸಾಲದ ಬೆಳೆ, ರಾಸಾಯನಿಕ ಗುಣದಲ್ಲಿ ಸತುವನ್ನು ಹೋಲುವ ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರುತ್ತದೆ. ಸತುವಿನ ಸಲ್ಫೇಟ್ ಕೊಳ್ಳುವಾಗ ಮಾತ್ರ ಬಿಲ್ಲಿಲ್ಲದ ಅಗ್ಗದ ಮಾಲು ಬೇಡ. ಕಾರ್ಖಾನೆಗಳ ಸತುವಿನ ಬೂದಿಯಿಂದ ಸರಿಯಾಗಿ ಶುದ್ಧೀಕರಿಸದೆ ಮಾಡಿದ ಪುಡಿಯಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಉಳಿದಿರಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡುಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತೋಟಕ್ಕೆ ಹೊಡೆಸುತ್ತೇವೆ. ಈ ಬಾರಿ ಪಟ್ಟಣದ ಚರಂಡಿ ಸೇರುವ ಕೆರೆಯ ಗೋಡು ಅಗ್ಗಕ್ಕೆ ಸಿಗುತ್ತಿದೆ, ಕಪ್ಪಗೆ, ಫಲವತ್ತಾಗಿಯೂ ಕಾಣುತ್ತದೆ. ಹಾಕಬಹುದೇ?
– ಹೊಳಲ್ಕೆರೆ ಕಡೆಯ ಓದುಗರು

ಪ್ರಶ್ನೆ: ನಗರದ ಹೊರವಲಯದಲ್ಲಿ ಚರಂಡಿ ನೀರು ಹಾಯಿಸಿ ಬೆಳೆದ ಸೊಪ್ಪು ಮಾರುಕಟ್ಟೆಗೆ ಬರುತ್ತದೆ. ತೊಳೆದು ತಿಂದರೆ ಸಾಕೇ?
– ದಾವಣಗೆರೆಯ ಗೃಹಿಣಿ

ಉತ್ತರ: ಎರಡು ಪತ್ರಗಳಿಗೂ ಮೂಲ ಒಂದೇ ಆದ್ದರಿಂದ ಒಟ್ಟಿಗೆ ಉತ್ತರಿಸುತ್ತಿದ್ದೇವೆ. ಮಳೆನೀರಷ್ಟೇ ಬಂದು ನಿಲ್ಲುವ ಹಳ್ಳಿಯ ಕೆರೆಯ ಗೋಡು ನಮ್ಮ ಸೀಮೆಯ ಅತ್ಯುತ್ತಮ ಗೊಬ್ಬರಗಳಲ್ಲಿ ಒಂದು. ಮಸಾರಿ (ಕೆಂಪು ಮಣ್ಣಿನ) ಭೂಮಿಗೆ ನೀರು ಹಿಡಿದಿಡುವ ಶಕ್ತಿಯನ್ನು ಕೊಡುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಚರಂಡಿ ಸೇರುವ ಕೆರೆಯ ವಿಷಯ ಹಾಗಲ್ಲ. ಗ್ಯಾರೇಜು, ಬ್ಯಾಟರಿ ರಿಪೇರಿ, ಎಲೆಕ್ಟ್ರೋಪ್ಲೇಟಿಂಗ್, ಬಣ್ಣದ ಕೆಲಸ ಇವುಗಳಿಂದ ಹೊರಟ ಸೀಸ, ನಿಕಲ್, ಕ್ರೋಮಿಯಂ, ಕ್ಯಾಡ್ಮಿಯಂ ನೀರಿನಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ನಯವಾದ ಜೇಡಿಕಣಗಳಿಗೆ ಅಂಟಿಕೊಂಡು ತಳಕ್ಕೆ ಇಳಿಯುತ್ತವೆ. ಕೆರೆಯ ನೀರು ಪರೀಕ್ಷೆಯಲ್ಲಿ ಪಾಸಾಗಿ ಗೋಡು ಫೇಲಾಗುವುದು ಹೀಗೆ. ಫಲವತ್ತತೆಯ ಗುರುತೆಂದು ನೀವು ನೋಡುತ್ತಿರುವ ಆ ಕಪ್ಪು ಬಣ್ಣ ಕೊಳೆತ ಕೊಚ್ಚೆಯ ಸಾವಯವ ಅಂಶದ್ದೂ ಗಾಳಿಯಾಡದ ಕೆಸರಿನಲ್ಲಿ ಉಂಟಾಗುವ ಕಬ್ಬಿಣದ ಸಲ್ಫೈಡಿನದ್ದೂ ಆಗಿರಬಹುದು.

ಅಳತೆಗೋಲು ಬೇಕೆಂದರೆ ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶವು ನಗರದ ಕಸದಿಂದ ಮಾಡಿದ ಕಾಂಪೋಸ್ಟಿಗೆ ವಿಧಿಸಿರುವ ಗರಿಷ್ಠ ಮಿತಿಗಳನ್ನು ಇಟ್ಟುಕೊಳ್ಳಿ: ಒಣತೂಕದ ಪ್ರತಿ ಕಿಲೋಗೆ ಕ್ಯಾಡ್ಮಿಯಂ 5, ಆರ್ಸೆನಿಕ್ 10, ಕ್ರೋಮಿಯಂ 50, ನಿಕಲ್ 50, ಸೀಸ 100, ತಾಮ್ರ 300, ಸತು 1000 ಮಿಲಿಗ್ರಾಂ, ಪಾದರಸ 0.15 ಮಿಲಿಗ್ರಾಂ. ಕಾಂಪೋಸ್ಟನ್ನು ಎಕರೆಗೆ ಕೆಲವು ಟನ್ನಿನಂತೆ ಹಾಕಿದರೆ ಗೋಡನ್ನು ಹತ್ತಾರು ಲೋಡುಗಳಲ್ಲಿ ಹೊಡೆಸುತ್ತೇವೆ, ಆದ್ದರಿಂದ ಗೋಡಿನ ಮಟ್ಟಿಗೆ ಈ ಅಂಕಿಗಳ ಹತ್ತಿರ ಬಂದರೂ ಬೇಡವೆನ್ನುವುದೇ ಜಾಣತನ. ಒಂದು ಪರೀಕ್ಷೆಯ ಖರ್ಚು ಕೆಲವು ಲೋಡಿನ ಬಾಡಿಗೆಗಿಂತ ಹೆಚ್ಚಾಗಲಾರದು. ಹಾಕಿದ ಗೋಡನ್ನು ಹಿಂದಕ್ಕೆ ಎತ್ತಿಸುವುದು ಯಾರಿಂದಲೂ ಆಗದು.

ಸೊಪ್ಪಿನ ವಿಷಯದಲ್ಲಿ ತೊಳೆಯುವುದು ಉಪಯುಕ್ತ, ಆದರೆ ಅದಕ್ಕೊಂದು ಮಿತಿಯಿದೆ. ರಸ್ತೆಯ ಧೂಳಿನಿಂದ ಎಲೆಯ ಮೇಲೆ ಕೂತ ಸೀಸ ಮತ್ತು ಅಂಟಿದ ಮಣ್ಣು ಎರಡು ಮೂರು ನೀರಿನಲ್ಲಿ ತೊಳೆದಾಗ ಬಹುಮಟ್ಟಿಗೆ ಹೋಗುತ್ತವೆ, ಬೇರಿನಿಂದ ಏರಿ ಎಲೆಯೊಳಗೆ ಸೇರಿದ ಕ್ಯಾಡ್ಮಿಯಂ ಹೋಗುವುದಿಲ್ಲ. ಪಾಲಕ್, ಹರಿವೆಯಂಥ ಸೊಪ್ಪುಗಳು ಲೋಹವನ್ನು ಹೆಚ್ಚು ಹೀರುತ್ತವೆ, ಗೆಡ್ಡೆಗಳು ಸ್ವಲ್ಪ ಕಡಿಮೆ, ಬದನೆ, ಟೊಮೆಟೊ, ಅವರೆಯಂಥ ಕಾಯಿ, ಕಾಳುಗಳು ಇನ್ನೂ ಕಡಿಮೆ. ಚರಂಡಿ ನೀರಿನ ಬೆಳೆಯಲ್ಲಿ ಈ ವಾರವೇ ಕಾಡಬಹುದಾದದ್ದು ರೋಗಾಣು ಮತ್ತು ಹುಳುವಿನ ಮೊಟ್ಟೆ, ವರ್ಷಗಳ ಮೇಲೆ ಕಾಡುವಂಥದ್ದು ಲೋಹ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿಗಳನ್ನಾದರೂ ಗೊತ್ತಿರುವ ಕಡೆಯಿಂದ ತರಿಸಿಕೊಳ್ಳಿ. ಆ ಬೆಳೆಗಾರರನ್ನು ದೂರುವುದರಲ್ಲಿ ನಮಗೆ ಆಸಕ್ತಿಯಿಲ್ಲ. ಬೋರ್‌ವೆಲ್ ಬತ್ತಿದ ಜಾಗದಲ್ಲಿ ವರ್ಷವಿಡೀ ಹರಿಯುವ ನೀರು ಅದೊಂದೇ ಆಗಿರುತ್ತದೆ, ಮತ್ತು ಅದನ್ನು ಶುದ್ಧೀಕರಿಸದೆ ಬಿಟ್ಟವರು ಅವರಲ್ಲ.

ಪ್ರಶ್ನೆ: ಸಗಣಿ, ಗಂಜಲ ಹುಳಿಸಿ ಮಾಡುವ ಜೀವಾಮೃತ ಹಾಕಿದರೆ ಭಾರಲೋಹಗಳು ಕರಗಿ ನಾಶವಾಗುತ್ತವೆಯೇ?
– ಹೊಸದುರ್ಗದ ಓದುಗರು

ಉತ್ತರ: ಇಲ್ಲ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಮಣ್ಣಿನ ಸಾವಯವ ಅಂಶವನ್ನು ಹೆಚ್ಚಿಸಿ ಲೋಹವನ್ನು ಬಿಗಿಯಾಗಿ ಹಿಡಿದಿಟ್ಟು ಬೇರಿಗೆ ಸಿಗದಂತೆ ಮಾಡಬಲ್ಲವು, ಹುಳಿ ಮಣ್ಣಿಗೆ ಸುಣ್ಣ ಹಾಕುವುದೂ ಇದೇ ಕೆಲಸ ಮಾಡುತ್ತದೆ. ನಮ್ಮ ಎರೆಭೂಮಿಯಲ್ಲಿ ಸುಣ್ಣದ ಅಂಶ ಮೊದಲೇ ಇರುವುದರಿಂದ ಅಲ್ಲಿ ಲೋಹಗಳ ಓಡಾಟ ಮಸಾರಿಗಿಂತ ಕಡಿಮೆ. ಸಾಸಿವೆ, ಸೂರ್ಯಕಾಂತಿ ಬೆಳೆದು ಲೋಹ ಹೀರಿಸುವ ಪ್ರಯೋಗಗಳು ನಡೆದಿವೆಯಾದರೂ ಅದಕ್ಕೆ ಎಷ್ಟೋ ವರ್ಷ ಬೇಕು, ಬೆಳೆದ ಗಿಡವನ್ನು ದನಕ್ಕೂ ಹಾಕುವಂತಿಲ್ಲ, ತಿಪ್ಪೆಗೂ ಎಸೆಯುವಂತಿಲ್ಲ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಇದು ರಾಸಾಯನಿಕ ಗೊಬ್ಬರದಿಂದ ಬಂದದ್ದೇ?
– ಜಗಳೂರು ತಾಲ್ಲೂಕಿನ ಶಿಕ್ಷಕರು

ಉತ್ತರ: ಫ್ಲೋರೈಡ್ ಭಾರಲೋಹವಲ್ಲ, ಜಗಳೂರು, ಚಿತ್ರದುರ್ಗದ ಕಡೆ ಅದರ ಮುಖ್ಯ ಮೂಲ ಗೊಬ್ಬರವೂ ಅಲ್ಲ, ನೆಲದಡಿಯ ಬಂಡೆಯ ಖನಿಜಗಳು. ಬೇಸಾಯದ ಹೊಣೆ ಇರುವುದು ಬೇರೆ ರೀತಿಯಲ್ಲಿ: ಮೇಲಿನ ನೀರನ್ನು ಮುಗಿಸಿ, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆಳದ ನೀರನ್ನು ಎತ್ತುತ್ತಿದ್ದೇವೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಅದು ಕಡಿಮೆಯಾಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಶಾಲೆಯ ಮಕ್ಕಳಿಗೆ ಚಾವಣಿಯ ಮಳೆನೀರನ್ನು ಸಂಗ್ರಹಿಸಿ ಕುಡಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಪ್ರಶ್ನೆ: ಭದ್ರಾ ನಾಲೆಯ ನೀರಿನಲ್ಲಿ ಎರಡು ಭತ್ತ ಬೆಳೆಯುತ್ತೇವೆ. ತಗ್ಗಿನ ಗದ್ದೆಯಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡಿದೆ, ಯೂರಿಯಾ ಎಷ್ಟು ಹಾಕಿದರೂ ಪೈರು ಏಳುತ್ತಿಲ್ಲ.
– ಹರಿಹರ ತಾಲ್ಲೂಕಿನ ರೈತರು

ಉತ್ತರ: ಪೈರು ಏಳದಿರುವುದಕ್ಕೆ ಸಾರಜನಕದ ಕೊರತೆ ಕಾರಣವಲ್ಲದಿದ್ದಾಗ ಯೂರಿಯಾ ಹೆಚ್ಚಿಸಿ ಪ್ರಯೋಜನವಿಲ್ಲ. ಎರಡು ಬೆಳೆಗೂ ನೀರು ನಿಲ್ಲಿಸಿದ ಭಾರವಾದ ಮಣ್ಣಿನಲ್ಲಿ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ, ಬೇಸಿಗೆಯಲ್ಲಿ ಆ ನೀರು ಮೇಲೇರಿ ಆವಿಯಾಗಿ ಉಪ್ಪನ್ನು ಬಿಟ್ಟುಹೋಗುತ್ತದೆ. ಸವಳು (ಉಪ್ಪೇರುವುದು), ಜವಳು (ನೀರು ನಿಂತು ಜೌಗಾಗುವುದು) ಒಟ್ಟಿಗೇ ಬರುವುದು ಇದರಿಂದ. ಮೊದಲು ಬಸಿಗಾಲುವೆ ಹೂಳು ತೆಗೆಸಿ. ಅದು ಅಕ್ಕಪಕ್ಕದವರೆಲ್ಲ ಸೇರಿ ಮಾಡಬೇಕಾದ ಕೆಲಸ, ಒಬ್ಬರ ಗದ್ದೆಯಲ್ಲಿ ಮಾಡಿ ಮುಗಿಯುವುದಿಲ್ಲ. ಆಮೇಲೆ ಮಣ್ಣು ಪರೀಕ್ಷಿಸಿ, ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ ಹಾಕಿ. ಬಸಿಯಲು ದಾರಿಯಿಲ್ಲದ ಗದ್ದೆಗೆ ಜಿಪ್ಸಂ ಹಾಕುವುದು ಹಣ ಕಳೆಯುವ ದಾರಿ.

ನಿಂತ ನೀರಿನ ಭತ್ತಕ್ಕೆ ಎರಚಿದ ಯೂರಿಯಾದ ಸಾರಜನಕದಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಮೂರನೆಯ ಒಂದು ಭಾಗದಿಂದ ಅರ್ಧದೊಳಗೆ. ಉಳಿದದ್ದರಲ್ಲಿ ಕೆಲವು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಕೆಲವು ನೈಟ್ರೇಟ್ ಆಗಿ ಹಳ್ಳ, ಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೂಸಿಗೆ ಕುಡಿಸುವುದು ಅಪಾಯಕರ. ಕಂತುಗಳಲ್ಲಿ ಯೂರಿಯಾ ಕೊಟ್ಟು, ಗದ್ದೆಯನ್ನು ನಡುನಡುವೆ ಒಣಗಲು ಬಿಟ್ಟು ಮತ್ತೆ ನೀರು ಕಟ್ಟುವ ಕ್ರಮದಿಂದ ನೀರು ಉಳಿಯುತ್ತದೆ, ಮೀಥೇನ್ ಕಡಿಮೆಯಾಗುತ್ತದೆ, ಆರ್ಸೆನಿಕ್ ಇರುವ ನೆಲದಲ್ಲಿ ಅಕ್ಕಿಗೆ ಏರುವ ಆರ್ಸೆನಿಕ್ಕೂ ಇಳಿಯುತ್ತದೆ. ಕ್ಯಾಡ್ಮಿಯಂ ಮಾತ್ರ ಇದಕ್ಕೆ ವಿರುದ್ಧ, ಗದ್ದೆ ಒಣಗಿದಾಗಲೇ ಅದು ಬೇರಿಗೆ ಸುಲಭವಾಗಿ ಸಿಗುತ್ತದೆ; ಕಾರ್ಖಾನೆಯ ಅಥವಾ ನಗರದ ಕೊಳೆನೀರು ಬರುವ ಗದ್ದೆಗಳಲ್ಲಿ ಈ ಕ್ರಮಕ್ಕೆ ಮೊದಲು ಮಣ್ಣು ಪರೀಕ್ಷೆ ಆಗಿರಬೇಕು.

ಪ್ರಶ್ನೆ: ನಮ್ಮ ಬಳಿ ಮಣ್ಣು ಆರೋಗ್ಯ ಕಾರ್ಡ್ ಇದೆ. ಅದರಲ್ಲಿ ಭಾರಲೋಹಗಳು ತಿಳಿಯುತ್ತವೆಯೇ?
– ಚಿತ್ರದುರ್ಗ ತಾಲ್ಲೂಕಿನ ದಾಳಿಂಬೆ ಬೆಳೆಗಾರರು

ಉತ್ತರ: ಅರ್ಧ ಮಾತ್ರ. 2015ರಲ್ಲಿ ಆರಂಭವಾದ ಈ ಯೋಜನೆಯ ಕಾರ್ಡಿನಲ್ಲಿ ಹನ್ನೆರಡು ಅಂಶಗಳಿರುತ್ತವೆ, ಅವುಗಳಲ್ಲಿ ತಾಮ್ರ ಮತ್ತು ಸತು ಇವೆ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಇಲ್ಲ. ತಾಮ್ರವನ್ನು ಕೊರತೆ ಇದೆಯೇ ಎಂದು ನೋಡುವುದಕ್ಕಾಗಿ ಅಳೆದಿರುವುದರಿಂದ, ಕಿಲೋಗೆ 0.2 ಮಿಲಿಗ್ರಾಂ ಆಸುಪಾಸಿನ ಗಡಿಯನ್ನು ದಾಟಿದ ಎಲ್ಲವೂ ಅಲ್ಲಿ ‘ಸಾಕಷ್ಟು’ ಎಂದೇ ಬರುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿಗೆ ತಾಮ್ರದ ಔಷಧಿಗಳನ್ನು ಸಾಲಾಗಿ ಹೊಡೆಯುವ ನೀವು ಆ ಪದವನ್ನು ಬಿಟ್ಟು ಪಕ್ಕದ ಅಂಕಿಯನ್ನು ಓದಿ, ಹಿಂದಿನ ಕಾರ್ಡಿನ ಅಂಕಿಯೊಂದಿಗೆ ಹೋಲಿಸಿ. ಹತ್ತಾರು ಮಿಲಿಗ್ರಾಂಗಳಿಗೆ ಏರಿದ್ದರೆ ಒಟ್ಟು ತಾಮ್ರದ ಪರೀಕ್ಷೆ ಮಾಡಿಸುವುದು ಅಗತ್ಯ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಾದರಿ ತೆಗೆಯುವ ವಿಧಾನವನ್ನು, ಯಾವ ಪ್ರಯೋಗಾಲಯಕ್ಕೆ ಕಳಿಸಬೇಕೆಂಬುದನ್ನು ವಿಚಾರಿಸಬಹುದು.

ಮಾದರಿ ತೆಗೆಯಲು ತುಕ್ಕು ಹಿಡಿದ ಗುದ್ದಲಿ, ಸತುವಿನ ಲೇಪದ ತಗಡಿನ ಬುಟ್ಟಿ, ಹಳೆಯ ಗೊಬ್ಬರದ ಚೀಲ ಬಳಸಬೇಡಿ. ಮರದ ಅಥವಾ ಪ್ಲಾಸ್ಟಿಕ್ ಕರಣೆ, ಹೊಸ ಪ್ಲಾಸ್ಟಿಕ್ ಚೀಲ ಸಾಕು. ತೋಟದ ಮಾದರಿಯ ಜೊತೆಗೆ, ಔಷಧಿ, ಗೊಬ್ಬರ ಯಾವುದೂ ಬೀಳದ ಅದೇ ಬಗೆಯ ಮಣ್ಣಿನ ಬೀಳು ಜಾಗದಿಂದ ಇನ್ನೊಂದು ಮಾದರಿಯನ್ನು ತಪ್ಪದೆ ಕಳಿಸಿ. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿಯೇ ಇತ್ತು. ಆ ಕಲ್ಲಿನ ಸಾಲಿನ ಮೇಲಿರುವ ಹೊಲಗಳಲ್ಲಿ ಔಷಧಿ ಮುಟ್ಟದ ಮಣ್ಣೂ ಹೆಚ್ಚು ತಾಮ್ರ ತೋರಿಸಬಹುದು, ಮತ್ತು ಎರಡು ಅಂಕಿಗಳ ನಡುವಿನ ವ್ಯತ್ಯಾಸವಷ್ಟೇ ನಿಮ್ಮ ಸಿಂಪಡಣೆಯ ಲೆಕ್ಕಕ್ಕೆ ಬರುತ್ತದೆ.